ಟಯರಿನ ಮೇಲೆ ಬಿಳಿ ಬರಹ

ಜೆ.ಸಿ. ರಸ್ತೆಯಿಂದ ಒಳಕ್ಕೆ ತಿರುಗಿದ ಗಲ್ಲಿ. ಎರಡು ಬೈಕು ಎದುರಾದರೆ ಒಂದು ನಿಲ್ಲಲೇಬೇಕು. ಎಡಕ್ಕೆ ಸೈಲೆನ್ಸರ್ ಅಂಗಡಿ, ಬಲಕ್ಕೆ ಸೀಟ್ ಕವರ್ ಅಂಗಡಿ, ನಡುವಿನ ಆರಡಿಯಲ್ಲಿ ರೇಡಿಯಂ ಅಂಗಡಿ. ಅದರ ಶಟರ್ ಮುಂದೆ ಬುಲೆಟ್ಟೊಂದು ಸೆಂಟರ್ ಸ್ಟ್ಯಾಂಡ್ ಮೇಲೆ ನಿಂತಿದೆ. ಹಿಂದಿನ ಚಕ್ರದ ಪಕ್ಕ ಪ್ಲಾಸ್ಟಿಕ್ ಮಣೆ ಹಾಕಿಕೊಂಡು ಪೇಂಟರ್ ಅಣ್ಣ ಕೂತಿದ್ದಾರೆ. ನೀವೂ ಕುಕ್ಕರಗಾಲಲ್ಲಿ ಕೂರಿ. ನಿಂತು ನೋಡುವ ಕೆಲಸ ಇದಲ್ಲ.

ಮೊದಲು ಸೋಪಿನ ನೀರು, ಹಳೇ ಟೂತ್‌ಬ್ರಷ್. ಟಯರಿನ ಉಬ್ಬಕ್ಷರಗಳ ಸಂದಿಗಳಿಂದ ಕೆಂಪು ಧೂಳು ಇಳಿದು ಕಾಂಕ್ರೀಟಿನ ಮೇಲೆ ಹರಿಯುತ್ತದೆ. ಟಯರಿನ ಮೈಮೇಲೆ ಇನ್ನೂ ಹೊಸ ರಬ್ಬರಿನ ಎಳೆಗಳು ನಿಮಿರಿ ನಿಂತಿವೆ. ಅಕ್ಷರದ ಅಂಚಿಗಿದ್ದ ಎರಡನ್ನು ಅಣ್ಣ ಉಗುರುಕತ್ತರಿಯಿಂದ ಕತ್ತರಿಸುತ್ತಾರೆ. ಆಮೇಲೆ ಬನಿಯನ್ ವೇಸ್ಟಿಗೆ ಥಿನ್ನರ್ ಹಾಕಿ ಒಂದೇ ದಿಕ್ಕಿಗೆ ಉಜ್ಜುತ್ತಾರೆ. ವಾಸನೆ ಮೂಗಿನಿಂದ ಹಣೆಗೆ ಏರುತ್ತದೆ.

ಬಟ್ಟೆ ತಿರುವಿ ನೋಡಿದರೆ ಕಂದು ಬಣ್ಣ.

“ಟಯರ್ ಯಾವಾಗ ಹಾಕ್ಸಿದ್ದು ತಮ್ಮಾ?”

“ಹೋದ ವಾರ ಅಣ್ಣ. ಹೊಚ್ಚ ಹೊಸದು,” ಎನ್ನುತ್ತಾನೆ ಬುಲೆಟ್ಟಿನ ಹುಡುಗ.

ಅಣ್ಣ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಬಟ್ಟೆ ಮಡಚಿ ಇನ್ನೊಂದು ಮಗ್ಗುಲಿನಿಂದ ಉಜ್ಜುತ್ತಾರೆ. ಗಾಳಿಯಲ್ಲಿರುವ ಓಜೋನ್ ರಬ್ಬರನ್ನು ಸೀಳುತ್ತದೆ. ಹಾಗಾಗಬಾರದೆಂದು ಟಯರಿನೊಳಗೇ ರಕ್ಷಕ ರಾಸಾಯನಿಕವನ್ನೂ ಮೇಣವನ್ನೂ ಬೆರೆಸಿರುತ್ತಾರೆ. ಅವು ಒಳಗೆ ಸುಮ್ಮನಿರುವ ಜಾತಿಯವಲ್ಲ; ನಿಧಾನವಾಗಿ ಮೇಲಕ್ಕೆ ಬಂದು, ಗಾಳಿಗೆ ಸೋಕಿ, ಕಂದಾಗುತ್ತವೆ. ಬಿಳಿ ಬಣ್ಣ ಬಳಿದ ತಿಂಗಳೊಪ್ಪತ್ತಿನಲ್ಲೇ ಅಕ್ಷರ ಹಳದಿ ಹಲ್ಲಿನಂತೆ ಕಾಣುವುದಕ್ಕೆ ಕಾರಣ ಇದು. ಹುಡುಗರು ದೂರುವುದು ಮಾತ್ರ ಪೇಂಟನ್ನು.

ಬಣ್ಣ ಉದುರುವ ಕಾರಣ ನೋಡಬೇಕಾದರೆ ಚಕ್ರದ ಲೆಕ್ಕ ಹಾಕಿ. ಈ ಅಳತೆಯದು ಕಿಲೋಮೀಟರಿಗೆ ಹೆಚ್ಚು ಕಡಿಮೆ 490 ಸುತ್ತು ಉರುಳುತ್ತದೆ. ಪ್ರತಿ ಸುತ್ತಿನಲ್ಲೂ ನೆಲ ಮುಟ್ಟುವ ಕಡೆ ಟಯರಿನ ಪಕ್ಕೆ ಉಬ್ಬಿ, ಮೇಲೆದ್ದಾಗ ಮತ್ತೆ ಬಿಗಿಯಾಗುತ್ತದೆ. ಗೇಟಿಗೆ ಬಳಿಯುವ ಎನಾಮೆಲ್ ಆ ಕುಣಿತ ತಾಳದೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸ್ಟೇಷನರಿ ಅಂಗಡಿಯ ವೈಟ್ನರ್ ಅಂತೂ ಮೊದಲ ಮಳೆಯವರೆಗಷ್ಟೆ.

ಈಗ ಪೇಂಟ್ ಮಾರ್ಕರ್ ಹೊರಬರುತ್ತದೆ. ಅಣ್ಣ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ, ಒಳಗಿನ ಗುಂಡು ಟಕಟಕ ಎನ್ನುತ್ತದೆ. ರಟ್ಟಿನ ಮೇಲೆ ಮೊನೆ ಒತ್ತಿ ಬಣ್ಣ ಇಳಿಸಿಕೊಂಡು, ಮಾರ್ಕರನ್ನು ಪೂರಾ ಮಲಗಿಸಿ ಅಕ್ಷರದ ನೆತ್ತಿಯ ಮೇಲೆ ಜಾರಿಸುತ್ತಾರೆ. ಗುಟ್ಟೆಲ್ಲ ಈ ಮಲಗಿಸುವುದರಲ್ಲಿದೆ. ಅಕ್ಷರ ರಬ್ಬರಿನಿಂದ ಕೂದಲೆಳೆಯಷ್ಟೇ ಮೇಲೆದ್ದಿರುತ್ತದೆ. ಮೊನೆ ನೆಟ್ಟಗೆ ನಿಂತರೆ ಜಾರಿ ಹಳ್ಳಕ್ಕೆ ಬೀಳುತ್ತದೆ. ಎಡಗೈ ಚಕ್ರವನ್ನು ಒಂದೊಂದೇ ಅಕ್ಷರದಷ್ಟು ತಿರುಗಿಸುತ್ತದೆ, ಬಲಗೈ ಇದ್ದ ಜಾಗದಲ್ಲೇ ಇರುತ್ತದೆ. ಚೈನಿನ ಕಡೆಯಿಂದ ಸಣ್ಣ ಕಟಕಟ ಸದ್ದು. ಮೊದಲ ಕೋಟು ಬಿಳಿಯಾಗಿ ಕಾಣುವುದಿಲ್ಲ, ತೊಳೆದ ಸ್ಲೇಟಿನ ಬೂದು.

ಈ ಕೈ ಮೂರು ದಶಕ ನಂಬರ್ ಪ್ಲೇಟ್ ಬರೆದದ್ದು. ‘ಕೆಎ 05’ ಎಂದು ಬರೆಯುವಾಗ ಸೊನ್ನೆಯ ಹೊಟ್ಟೆ ಎಷ್ಟಿರಬೇಕೆಂಬುದಕ್ಕೂ ಅಣ್ಣನಿಗೆ ಅಭಿಪ್ರಾಯವಿದೆ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಎಂಬ ಹೈ ಸೆಕ್ಯುರಿಟಿ ನಂಬರ್ ಪ್ಲೇಟು ಬಂತು. 2023ರಲ್ಲಿ ಕರ್ನಾಟಕ ಸರ್ಕಾರ ಹಳೇ ಗಾಡಿಗಳಿಗೂ ಅದೇ ಪ್ಲೇಟು ಎಂದಿತು. ನಂಬರೆಲ್ಲ ಕಾರ್ಖಾನೆಯಲ್ಲೇ ಒತ್ತಿಸಿಕೊಂಡು ಬರತೊಡಗಿದ ಮೇಲೆ ಕುಂಚಕ್ಕೆ ಉಳಿದದ್ದು ಟ್ಯಾಂಕಿನ ಮೇಲಿನ ಅಪ್ಪ-ಅಮ್ಮನ ಆಶೀರ್ವಾದ, ಈಗ ಈ ಟಯರು.

“ಅಣ್ಣಾ, ಕೆಂಪಲ್ಲಿ ಹಾಕೋಕಾಗಲ್ವಾ? ಎಫ್ ಒನ್ ಥರ?”

“ಕೆಂಪು ಎರಡು ತಿಂಗಳಿಗೆ ಇಟ್ಟಿಗೆ ಬಣ್ಣ ಆಗುತ್ತೆ. ಬಿಳಿಯೇ ಇರ್ಲಿ.”

ಹುಡುಗ ಟಿವಿಯಲ್ಲಿ ನೋಡಿದ ಪಿರೆಲಿ ಟಯರುಗಳ ಬಣ್ಣ ಷೋಕಿಗಲ್ಲ. ಆ ರೇಸಿಗೆ ತಂದ ಒಣ ಟಯರುಗಳಲ್ಲಿ ಮೆತ್ತನೆಯದಕ್ಕೆ ಕೆಂಪು, ನಡುವಿನದಕ್ಕೆ ಹಳದಿ, ಗಟ್ಟಿಯದಕ್ಕೆ ಬಿಳಿ, ನೋಡುವವರಿಗೆ ಗೊತ್ತಾಗಲೆಂದು. ಬಿಳಿ ಅಕ್ಷರದ ಷೋಕಿ ಬಂದದ್ದು ಅಮೆರಿಕದ ಕಾರುಗಳಿಂದ. 1960ರ ದಶಕದ ಕೊನೆಗೆ ಗುಡ್‌ಇಯರ್ ಪಾಲಿಗ್ಲಾಸ್‌ನಂಥ ಟಯರುಗಳು ಬಿಳಿ ಅಕ್ಷರ ಹೊತ್ತೇ ಕಾರ್ಖಾನೆ ಬಿಡುತ್ತಿದ್ದವು. ಅಲ್ಲಿ ಪೇಂಟಿನ ಕೆಲಸವಿಲ್ಲ. ಪಕ್ಕೆಯೊಳಗೆ ಬಿಳಿ ರಬ್ಬರನ್ನೇ ಹುದುಗಿಸಿ, ಮೇಲಿನ ತೆಳು ಕಪ್ಪು ಪದರವನ್ನು ಉಜ್ಜಿ ತೆಗೆಯುತ್ತಿದ್ದರು.

ನನಗೆ ಸೋಜಿಗ ಬೇರೆಯೇ. ಸಚಿನ್ ಬ್ಯಾಟಿಗೆ ಎಂಆರ್‌ಎಫ್ ಅಂಟಿಸಲು ಕಂಪನಿಯೇ ದುಡ್ಡು ಕೊಡುತ್ತಿತ್ತು. ಇಲ್ಲಿ ಹುಡುಗ ಕೈಯಿಂದ ಕಾಸು ಬಿಚ್ಚಿ ಕಂಪನಿಯ ಹೆಸರು ಬೆಳಗಿಸುತ್ತಿದ್ದಾನೆ, ಅದೂ ಖುಷಿಯಿಂದ.

ಎರಡನೇ ಕೋಟಿಗೆ ಮುಂಚೆ ಒಣಗಲು ಬಿಡಬೇಕು. ಪಕ್ಕದಿಂದ ಬೈ-ಟು ಕಾಫಿ ಬರುತ್ತದೆ. ಅಷ್ಟರಲ್ಲಿ ನೀವು ಟಯರ್ ಓದಿ, ಕಣ್ಣು ಹೇಗೂ ಗೇಣು ದೂರದಲ್ಲಿದೆ. 120/80-18: ಅಗಲ 120 ಮಿಲಿಮೀಟರ್, ಎತ್ತರ ಅದರ ಶೇ. 80, ರಿಮ್ಮು 18 ಇಂಚು. ಮುಂದೆ 62P. 62 ಎಂದರೆ 265 ಕಿಲೋ ಭಾರದವರೆಗೆ, P ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ. ಉರುಳುವ ದಿಕ್ಕಿಗೊಂದು ಬಾಣ. ಇಷ್ಟೂ ಕಪ್ಪಿನ ಮೇಲೆ ಕಪ್ಪು. ಇವಕ್ಕೆ ಬಣ್ಣ ಹಾಕಿ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಅಣ್ಣ ಹುಡುಕುತ್ತಿರುವುದು ಇನ್ನೊಂದನ್ನು. ಲೋಟ ಕೆಳಗಿಟ್ಟು, ಮೊಬೈಲ್ ಟಾರ್ಚ್ ಹಾಕಿ, ರಿಮ್ಮಿನ ಪಕ್ಕದಲ್ಲೇ ಬೆರಳಾಡಿಸುತ್ತಾ ಚಕ್ರ ತಿರುಗಿಸುತ್ತಾರೆ. ಬೆರಳು ನಿಲ್ಲುತ್ತದೆ. ಸಣ್ಣದೊಂದು ಚೌಕಟ್ಟು, ಅಚ್ಚಿನಲ್ಲಿ ಈ ತುಂಡನ್ನು ಮಾತ್ರ ಬದಲಿಸುತ್ತಿರುತ್ತಾರೆ, ಅದರ ಗುರುತು. ಒಳಗೆ ನಾಲ್ಕು ಅಂಕಿ: 4219.

“ಓದು.”

“ನಾಲ್ಕು ಎರಡು ಒಂದು ಒಂಬತ್ತು. ಏನಣ್ಣ ಇದು, ಬ್ಯಾಚ್ ನಂಬರ್ರಾ?”

“ನಲವತ್ತೆರಡನೇ ವಾರ, ಹತ್ತೊಂಬತ್ತನೇ ಇಸವಿ.”

2019ರ ಅಕ್ಟೋಬರ್. ಹುಡುಗ ಬೆರಳು ಮಡಚಿ ಎಣಿಸುತ್ತಾನೆ, ಐದು ಬೆರಳು ಸಾಲುವುದಿಲ್ಲ. ಕಂದು ಬಟ್ಟೆ ಇನ್ನೂ ಮಣೆಯ ಪಕ್ಕ ಬಿದ್ದಿದೆ.

“ಓಡಿಲ್ಲ, ನಿಜ. ಗೋಡೌನಲ್ಲಿ ಕೂತೇ ವಯಸ್ಸಾಗಿದೆ. ಬಿಲ್ ಇದೆಯಾ?”

“ಇದೆ. ಪೂರ್ತಿ ರೇಟ್ ತಗೊಂಡಿದ್ದಾನೆ.”

ಎರಡನೇ ಕೋಟು ಮೌನವಾಗಿ ನಡೆಯುತ್ತದೆ. ಬೂದು ಬಿಳಿಯಾಗುತ್ತದೆ. ಅಂಚು ದಾಟಿದ್ದನ್ನು ಥಿನ್ನರ್‌ನಲ್ಲಿ ಅದ್ದಿದ ಇಯರ್‌ಬಡ್ ತೆಗೆಯುತ್ತದೆ. ನಾಳೆವರೆಗೆ ನೀರು ತಾಗಿಸಬೇಡ, ಪಾಲಿಶ್ ಅಂತೂ ಬೇಡವೇ ಬೇಡ ಎನ್ನುತ್ತಾ ಅಣ್ಣ ಮಾರ್ಕರ್ ಮುಚ್ಚುತ್ತಾರೆ.

“ಅಣ್ಣಾ, ಆ ನಾಲ್ಕು ನಂಬರಿಗೂ ಬಿಳಿ ಹಾಕಿ,” ಎನ್ನುತ್ತಾನೆ ಹುಡುಗ. “ಗಾಡಿ ಸೀದಾ ಅವನ ಅಂಗಡಿ ಮುಂದೆ ನಿಲ್ಲಿಸ್ತೀನಿ.”

ಅಣ್ಣ ನಗುತ್ತಾರೆ. ಒಳಗೆ ಹೋಗಿ, ಡಬ್ಬಿಯ ತಳದಿಂದ ನಂಬರ್ ಪ್ಲೇಟಿನ ಕಾಲದ ತೆಳು ಕುಂಚ ಹುಡುಕಿ ತಂದು ಮತ್ತೆ ಮಣೆಯ ಮೇಲೆ ಕೂರುತ್ತಾರೆ.

“ನಂಬರಿಗೆ ದುಡ್ಡು ಬೇಡ. ಟಾರ್ಚ್ ಹಿಡಿ.”