ಗದ್ದೆಗಿಳಿದ ಟಿಲ್ಲರು

ಕನ್ನಂಬಾಡಿಯ ನೀರು ಹುಲಿಕೆರೆಯ ಸುರಂಗವನ್ನು ಹಾದು, ಮೊದಲು ಇರ್ವಿನ್ ನಾಲೆಯೆಂದೂ ತರುವಾಯ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯ ಮುಖಾಂತರ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ಹರಿದು ಬಂದ ವೃತ್ತಾಂತವನ್ನು ಬರೆದವರು ಅನೇಕರುಂಟು. ಆದರೆ ಆ ನೀರು ನಿಂತ ಮಣ್ಣನ್ನು ವರ್ಷವರ್ಷವೂ ಕಲಸಿ, ಕೆಸರು ಮಾಡಿ, ಪೈರು ನೆಡುವುದಕ್ಕೆ ಹದಗೊಳಿಸಿದವರಾರು, ಎಂತಹ ಸಾಧನದಿಂದ ಎಂಬ ವಿಚಾರವನ್ನು ಬರೆದವರು ವಿರಳ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಹಾದಿಯಲ್ಲಿ, ಕೆ.ಎಂ.ದೊಡ್ಡಿಗೆ ಅನತಿದೂರದಲ್ಲಿರುವ ನಮ್ಮ ಊರಿನಲ್ಲಿ ಈ ಕೆಲಸವು ಎತ್ತಿನಿಂದ ಟಿಲ್ಲರಿಗೂ, ಟಿಲ್ಲರಿನಿಂದ ಟ್ರ್ಯಾಕ್ಟರಿಗೂ ಕೈದಾಟಿದುದನ್ನು ನಾನು ಬದುವಿನ ಮೇಲೆ ನಿಂತು ಕಂಡವನು. ಒಮ್ಮೊಮ್ಮೆ ಬದುವಿನಿಂದ ಕೆಳಗಿಳಿದು ಮೊಣಕಾಲುದ್ದ ಕೆಸರಿನಲ್ಲಿ ನಿಂತವನೂ ಹೌದು.

ಎತ್ತಿನ ಕಾಲದಲ್ಲಿ ಗದ್ದೆಯ ಉಳುಮೆಯೆಂದರೆ ಒಬ್ಬನ ಕಾರ್ಯವಾಗಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ನಾಲ್ಕಾರು ಮನೆಗಳ ಆರುಗಳು (ನೇಗಿಲು ಹೂಡಿದ ಜೋಡೆತ್ತುಗಳು) ಒಂದೇ ತಾಕಿಗೆ ಇಳಿದು, ಒಂದರ ಹಿಂದೊಂದರಂತೆ ಸುತ್ತುತ್ತ, ಬಿಸಿಲೇರುವ ಮುನ್ನವೇ ಎತ್ತಿನ ಕೊರಳು ಬಿಡಿಸಿಬಿಡುತ್ತಿದ್ದವು. ಇಂದು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು ಎಂಬ ಮುಯ್ಯಿಯ ಲೆಕ್ಕವು ಯಾವ ಪುಸ್ತಕದಲ್ಲಿಯೂ ಬರೆಯಲ್ಪಡದಿದ್ದರೂ ಒಂದು ದಿನದಷ್ಟೂ ತಪ್ಪುತ್ತಿರಲಿಲ್ಲ. ಎತ್ತುಗಳು ಹಳ್ಳಿಕಾರ್ ತಳಿಯವು. ರಸ್ತೆಯಲ್ಲಿ ಗಾಡಿಗೆ ಕಟ್ಟಿದರೆ ಕುದುರೆಯ ಗತಿಯಲ್ಲಿ ನಡೆಯುವ ಈ ಪ್ರಾಣಿಗಳಿಗೆ ಕೆಸರು ಸಹಜವಾದ ನೆಲವಲ್ಲ. ಗೊರಸು ಹೂತು, ಹೊಟ್ಟೆಯವರೆಗೆ ರಾಡಿ ಮೆತ್ತಿ, ಬಾಯಲ್ಲಿ ನೊರೆಯೊಡೆದು ಅವು ನಿಂತುಬಿಟ್ಟಾಗ ಬಾರುಕೋಲು ಎತ್ತಿದವನ ಮುಖದಲ್ಲಿಯೂ ಪ್ರಸನ್ನತೆ ಇರುತ್ತಿರಲಿಲ್ಲ. ಮೂರು ನಾಲ್ಕು ಸಾಲು ಉಳುಮೆಯಾದ ಮೇಲೆ ಹೊಂಗೆಯ ಸೊಪ್ಪು ಹರಡಿ ತುಳಿಯುವುದು, ಆಮೇಲೆ ಮರದ ಹಲಗೆಗೆ ಎತ್ತು ಕಟ್ಟಿ ಅದರ ಮೇಲೊಬ್ಬನು ನಿಂತು ಉಬ್ಬಿನ ಕೆಸರನ್ನು ತಗ್ಗಿಗೆ ತಳ್ಳಿಕೊಂಡು ಹೋಗುವುದು, ನೇಗಿಲು ತಲುಪದ ಮೂಲೆಗಳನ್ನು ಗುದ್ದಲಿಯಿಂದ ಕಡಿಯುವುದು. ಹಲಗೆಯ ಮೇಲೆ ನಿಲ್ಲುವ ಅವಕಾಶ ಹುಡುಗರಿಗೆ ದೊರೆಯುತ್ತಿತ್ತು. ಭಾರಕ್ಕೆ ಕಲ್ಲು ಇಡುವ ಬದಲು ನಮ್ಮನ್ನು ಇಡುತ್ತಿದ್ದರೆಂಬುದು ಆಗ ನಮಗೆ ತಿಳಿಯದು.

ಈ ವ್ಯವಸ್ಥೆ ಕೆಟ್ಟದ್ದು ಯಂತ್ರದಿಂದಲ್ಲ, ಬೀಜದಿಂದ ಎಂಬುದು ನನ್ನ ಅಭಿಪ್ರಾಯ. ರಾಜಮುಡಿ, ರತ್ನಚೂಡಿಗಳಂತಹ ದೀರ್ಘಾವಧಿಯ ಭತ್ತವನ್ನು ವರ್ಷಕ್ಕೊಮ್ಮೆ ಬೆಳೆಯುತ್ತಿದ್ದಷ್ಟು ಕಾಲ ಉಳುಮೆಗೆ ಅವಸರವಿರಲಿಲ್ಲ. 1966ರಲ್ಲಿ ಐ.ಆರ್.8, ಅದಾದ ಎರಡು ವರ್ಷಕ್ಕೆ ಜಯ ಎಂಬ ಗಿಡ್ಡ ತಳಿಗಳು ಹೊರಬಂದು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಅಂತಹ ಹೊಸ ಬೀಜದ ಸಂಗತಿಯನ್ನು ರೈತರಿಗೆ ತಿಳಿಸತೊಡಗಿದ ಮೇಲೆ, ನಾಲೆಯಲ್ಲಿ ನೀರಿರುವ ವರ್ಷ ಕಾರ್ತೀಕದ ಕುಯ್ಲು ಮುಗಿಯುತ್ತಲೇ ಬೇಸಗೆಯ ಬೆಳೆಗೆ ಗದ್ದೆ ಸಿದ್ಧವಾಗಬೇಕೆಂಬ ಆತುರ ಮನೆಮನೆಯನ್ನೂ ಹಿಡಿಯಿತು. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಉಳಿದ ಅಲ್ಪಾವಧಿಯಲ್ಲಿ, ಅದರಲ್ಲಿಯೂ ಸರದಿಯ ಕಟ್ಟು ಪದ್ಧತಿಯಂತೆ ತೂಬಿನಲ್ಲಿ ನೀರು ಬಿಡುವ ಕೆಲವೇ ದಿನಗಳಲ್ಲಿ, ಊರಿನವರೆಲ್ಲರೂ ಏಕಕಾಲದಲ್ಲಿ ಎತ್ತನ್ನು ಬಯಸಿದರೆ ಮುಯ್ಯಿಯ ಲೆಕ್ಕ ನಿಲ್ಲುವುದು ಹೇಗೆ? ಮೊದಲು ಒಡೆದದ್ದು ಆ ಲೆಕ್ಕ. ಎತ್ತು ಹೋದದ್ದು ಆಮೇಲೆ.

ಬೆಂಗಳೂರಿನಲ್ಲಿ ವಿ.ಎಸ್.ಟಿ. ಕಂಪನಿಯು 1967ರಲ್ಲಿ ಜಪಾನಿನ ಮಿತ್ಸುಬಿಷಿಯವರ ಸಹಯೋಗದಿಂದ ಸ್ಥಾಪಿತವಾಗಿ ಎರಡು ಚಕ್ರದ ಟಿಲ್ಲರುಗಳನ್ನು ಮಾಡತೊಡಗಿತು. ಜಪಾನಿನ ಗದ್ದೆಗಳೂ ನಮ್ಮವುಗಳಂತೆಯೇ ಕಿರಿದಾದವು. ಅಣ್ಣತಮ್ಮಂದಿರ ಪಾಲಿನಲ್ಲಿ ಒಡೆದೊಡೆದು ಐದು ಗುಂಟೆ, ಹತ್ತು ಗುಂಟೆಗೆ ಇಳಿದ ನಮ್ಮ ತಾಕುಗಳಲ್ಲಿ ದೊಡ್ಡ ಟ್ರ್ಯಾಕ್ಟರು ತಿರುಗುವುದಕ್ಕೇ ಅರ್ಧ ಗದ್ದೆ ಬೇಕಾಗುತ್ತಿತ್ತಾದ್ದರಿಂದ, ಈ ಸಣ್ಣ ಯಂತ್ರ ನಮಗೆಂದೇ ಹುಟ್ಟಿದಂತೆ ಬಂದು ಸೇರಿತು. ನಮ್ಮೂರಿಗೆ ಅದನ್ನು ಮೊದಲು ತಂದವನು ಸಾಹುಕಾರನಲ್ಲ, ಆಲೆಮನೆಯಲ್ಲಿ ಕಬ್ಬಿನ ಗಾಣದ ಡೀಸೆಲ್ ಎಂಜಿನ್ ನಡೆಸಿ ಪಳಗಿದ್ದ ಒಬ್ಬ ಸಣ್ಣ ಹಿಡುವಳಿದಾರ. ಸುತ್ತಣ ಊರುಗಳಲ್ಲಿಯೂ ಟಿಲ್ಲರ್ ಹಿಡಿದವರು ಬಹುಮಟ್ಟಿಗೆ ಇಂತಹ ಆಲೆಮನೆಯ ಮಂದಿಯೇ. ಎಂಜಿನ್ನಿನ ಕೆಮ್ಮಿನಿಂದಲೇ ಅದರ ರೋಗವನ್ನು ಹೇಳಬಲ್ಲ ವಿದ್ಯೆ ಅವರಲ್ಲಿ ಮೊದಲೇ ಇತ್ತು.

ಟಿಲ್ಲರನ್ನು ಎಬ್ಬಿಸುವುದೇ ಒಂದು ವಿಧಿ. ಎಡಗೈಯಿಂದ ಗಾಳಿಯ ಒತ್ತಡ ಬಿಡುವ ಸಣ್ಣ ಕೀಲನ್ನು ಎತ್ತಿ ಹಿಡಿದು, ಬಲಗೈಯಿಂದ ಹ್ಯಾಂಡಲನ್ನು ರಭಸವಾಗಿ ತಿರುಗಿಸಿ, ಎಂಜಿನ್ನಿನ ಗಾಲಿಗೆ ವೇಗ ಬಂದ ಕ್ಷಣದಲ್ಲಿ ಕೀಲನ್ನು ಬಿಟ್ಟರೆ ಒಂದೇ ಸಿಲಿಂಡರಿನ ಎಂಜಿನ್ನು ಕಪ್ಪು ಹೊಗೆಯುಗುಳಿ ಗುಡುಗುಡಿಸುವುದು. ವೇಗ ಸಾಲದೆ ಕೀಲು ಬಿಟ್ಟರೆ ಹ್ಯಾಂಡಲು ಹಿಂದಕ್ಕೊದೆದು ಮಣಿಕಟ್ಟನ್ನು ಮುರಿಯುವುದೂ ಉಂಟು. ರಬ್ಬರಿನ ಗಾಲಿ ಕಳಚಿ ಪಂಜರದಂತಹ ಕಬ್ಬಿಣದ ಚಕ್ರವನ್ನು ತೊಡಿಸಿ ಕೆಸರಿಗೆ ಇಳಿಸುತ್ತಿದ್ದರು. ಹಿಂದುಗಡೆ ತಿರುಗುವ ಬ್ಲೇಡುಗಳು ಹೆಂಟೆಯನ್ನು ಕತ್ತರಿಸುತ್ತ, ಹುಲ್ಲು ಸುತ್ತಿಕೊಂಡಾಗ ನಿಲ್ಲುತ್ತ, ಕುಡುಗೋಲಿನಿಂದ ಬಿಡಿಸಿಕೊಂಡು ಮತ್ತೆ ಮುಂದುವರಿಯುತ್ತ, ಎತ್ತುಗಳ ಎರಡು ದಿನದ ಕೆಲಸವನ್ನು ಒಂದು ಹೊತ್ತಿನಲ್ಲಿ ಮುಗಿಸಿಬಿಡುತ್ತಿದ್ದವು. ತಿರುವುಗಳಲ್ಲಿ ಹಿಡಿಯ ಕೆಳಗಿನ ಕ್ಲಚ್ಚನ್ನು ಎಡಗಡೆ ಅದುಮಿದರೆ ಯಂತ್ರವು ಎಡಕ್ಕೆ, ಬಲಗಡೆ ಅದುಮಿದರೆ ಬಲಕ್ಕೆ ಹೊರಳುವುದು ಸಮನೆಲದ ನಿಯಮ. ಇಳಿಜಾರಿನಲ್ಲಿ ಮಾತ್ರ ಅದು ವಿಪರ್ಯಸ್ತವಾಗಿ, ಎಡಗಡೆ ಅದುಮಿದವನನ್ನು ಬಲಕ್ಕೆ ಒಯ್ಯುವುದು. ನಾಲೆಯ ಏರಿಯಿಂದ ಗದ್ದೆಗೆ ಇಳಿಯುವಾಗ ಈ ಸೂಕ್ಷ್ಮವನ್ನು ಮರೆತ ಹೊಸಬರು ಯಂತ್ರಸಮೇತ ಕಾಲುವೆಗೆ ಬಿದ್ದ ಪ್ರಸಂಗಗಳು ಎಲ್ಲ ಊರುಗಳಲ್ಲಿಯೂ ಇವೆ.

ನೀರು ಬಿಟ್ಟ ರಾತ್ರಿಗಳಲ್ಲಿ ಗದ್ದೆ ಬಯಲು ಮಲಗುತ್ತಲೇ ಇರಲಿಲ್ಲ. ನೀರುಗಂಟಿ ತೂಬು ಎತ್ತಿದನೆಂಬ ಸುದ್ದಿ ಬಂದೊಡನೆ ಟಿಲ್ಲರಿನ ಯಜಮಾನನ ಜಗುಲಿಯಲ್ಲಿ ಜನ ಸೇರುವುದು. “ಮಾವ, ಈ ಕಟ್ಟು ತಪ್ಪುದ್ರೆ ಪೈರು ಬಲ್ತೋಯ್ತದೆ, ಮೊದ್ಲು ನಮ್ಮ ಗದ್ದೆಗೆ ಬಾ,” ಎಂದು ಒಬ್ಬಳು; “ಬತ್ತೀನಿ ಕಣವ್ವ, ನಿನ್ ಗದ್ದೆಗೋಗಕ್ಕೆ ನಿಮ್ ಭಾವನ ಗದ್ದೆ ಮೇಲೇ ಹಾಯ್ಬೇಕಲ್ಲ, ಆವಯ್ಯ ನಾಟಿ ಮುಗ್ಸವ್ನೆ,” ಎಂದು ಅವನು. ಆ ಮಾತಿನಲ್ಲಿ ತಂತ್ರವೇನೂ ಇರಲಿಲ್ಲ. ಎತ್ತು ಬದುವಿನ ಮೇಲೆ ನಡೆದು ಯಾವ ಗದ್ದೆಗಾದರೂ ಹೋಗಬಲ್ಲದು. ಟಿಲ್ಲರು ಮೇಲಿನ ತಾಕನ್ನು ದಾಟಿಯೇ ಕೆಳಗಿನ ತಾಕಿಗೆ ಇಳಿಯಬೇಕು. ಆದುದರಿಂದ ಯಾರ ಗದ್ದೆ ಮೊದಲೆಂಬುದನ್ನು ನಂಟಸ್ತನವಲ್ಲ, ನೆಲದ ಏರಿಳಿತವೇ ನಿರ್ಧರಿಸುವಂತಾಗಿ, ವರ್ಷಗಟ್ಟಲೆ ಮಾತುಬಿಟ್ಟಿದ್ದ ದಾಯಾದಿಗಳು ನಾಟಿಯ ದಿನ ಗೊತ್ತುಮಾಡುವುದಕ್ಕಾದರೂ ಮಾತನಾಡಬೇಕಾಯಿತು. ಬಾಡಿಗೆ ಗಂಟೆಯ ಲೆಕ್ಕ. ಆದರೆ ಹಣ ಕೈಗೆ ಬರುತ್ತಿದ್ದುದು ಭತ್ತ ಮಾರಿದ ಮೇಲೆ ಅಥವಾ ಸಕ್ಕರೆ ಕಾರ್ಖಾನೆ ಕಬ್ಬಿನ ಬಟವಾಡೆ ಮಾಡಿದ ಮೇಲೆ. ಡೀಸೆಲ್ಲನ್ನು ರೊಕ್ಕಕ್ಕೆ ಕೊಂಡು ದುಡಿಮೆಯನ್ನು ಸಾಲಕ್ಕೆ ಮಾರುವ ಈ ಕಸುಬಿನಲ್ಲಿ ಸಿರಿವಂತನಾದವನನ್ನು ನಾನು ಕಂಡಿಲ್ಲ.

ಈ ಕಸುಬಿನ ಒಂದು ಪ್ರತಿರೂಪವನ್ನು ಬಹಳ ಕಾಲದ ಮೇಲೆ, ನಿರೀಕ್ಷಿಸದ ಸ್ಥಳದಲ್ಲಿ ಕಂಡೆ. ಮಗಳ ಸಂಸಾರವಿರುವ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಒಂದು ಚಳಿಗಾಲ ಕಳೆದೆ. ಮೈಸೂರಿನ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಮೂಲಕಾರಣರಲ್ಲೊಬ್ಬರಾದ ಲೆಸ್ಲಿ ಕೋಲ್ಮನ್ನರ ಜನ್ಮಭೂಮಿಯೂ ಅದೇ ಪ್ರಾಂತ್ಯವೆಂಬ ಅಭಿಮಾನ ನನ್ನಲ್ಲಿತ್ತು. ರಾತ್ರಿಯೆಲ್ಲ ಹಿಮ ಸುರಿದ ಬೆಳಗ್ಗೆ ನಗರಸಭೆಯ ದೊಡ್ಡ ಯಂತ್ರ ಬಂದು ಬೀದಿಯನ್ನು ತೆರವು ಮಾಡಿತು. ಮಾಡುವಾಗ ಬೀದಿಯ ಹಿಮವನ್ನೆಲ್ಲ ಪಕ್ಕಕ್ಕೆ ಒತ್ತರಿಸಿ, ಪ್ರತಿ ಮನೆಯ ಕಾರು ಹೊರಡುವ ಹಾದಿಯ ಬಾಯಿಗೆ ಒಂದೊಂದು ದಿಣ್ಣೆಯನ್ನು ಕಟ್ಟಿ ಹೋಯಿತು. ಸ್ವಲ್ಪ ಹೊತ್ತಿಗೆ ನೆರೆಯ ಮುದುಕರೊಬ್ಬರು ನಾಲ್ಕು ದಪ್ಪ ಚಕ್ರದ, ಎ.ಟಿ.ವಿ. ಎಂದು ಅವರು ಕರೆಯುವ ಪುಟ್ಟ ವಾಹನದ ಮುಂದೆ ಓರೆಯಾದ ಉಕ್ಕಿನ ಹಲಗೆಯನ್ನು ಕಟ್ಟಿಕೊಂಡು ಬಂದು, ಆ ದಿಣ್ಣೆಯನ್ನೂ ಅಂಗಳದ ಹಿಮವನ್ನೂ ನೂಕಿ, ಹತ್ತಾರು ಮನೆಗಳನ್ನು ಉಪಾಹಾರದ ಹೊತ್ತಿಗೆ ಬಿಡಿಸಿಕೊಟ್ಟರು. ಮೊದಲ ಹಿಮವನ್ನೇ ಬಹುದೂರ ತಳ್ಳಿಡಬೇಕು, ಇಲ್ಲವಾದರೆ ಮಾಘದ ಹೊತ್ತಿಗೆ ಹೊಸ ಹಿಮಕ್ಕೆ ಜಾಗವಿರುವುದಿಲ್ಲ ಎಂದು ಅವರು ಹೇಳಿದುದನ್ನು ಮಗಳು ನನಗೆ ಕನ್ನಡದಲ್ಲಿ ಹೇಳಿದಳು (ಮಾಘವೆಂಬುದು ನನ್ನ ಸೇರ್ಪಡೆ). ನಮ್ಮಲ್ಲಿಯೂ ನಾಲೆಯ ಹೂಳೆತ್ತುವ ಜೆ.ಸಿ.ಬಿ. ಹೂಳನ್ನೆಲ್ಲ ಗಾಡಿದಾರಿಯ ಮೇಲೆ ಸುರಿದು ಮುಂದೆ ಹೋಗುತ್ತದೆ. ಟಿಲ್ಲರಿಗೆ ಹಲಗೆ ಕಟ್ಟಿ ಅದನ್ನು ಸರಿಸಿ ಗದ್ದೆಗೆ ದಾರಿ ಬಿಡಿಸಬೇಕಾದವರು ನಾವು. ದೊಡ್ಡ ಯಂತ್ರ ಮುಗಿಸಿದೆನೆಂದು ಹೊರಟುಹೋದ ಮೇಲೆ ಉಳಿಯುವ ಕೆಲಸವೇ ಸಣ್ಣ ಯಂತ್ರದ ಜೀವನಾಧಾರವೆಂಬುದು ಎರಡು ದೇಶಗಳಲ್ಲಿಯೂ ಒಂದೇ. ವ್ಯತ್ಯಾಸವಿಷ್ಟೆ: ಆ ಮುದುಕರು ಇಡೀ ಚಳಿಗಾಲದ ಹಣವನ್ನು ಹಿಮ ಬೀಳುವ ಮೊದಲೇ ಪಡೆದಿದ್ದರು. ಈ ಸಂಗತಿಯನ್ನು ಊರಿಗೆ ಬಂದು ನಮ್ಮ ಟಿಲ್ಲರಿನವನಿಗೆ ಹೇಳಿದಾಗ ಅವನು ಯಂತ್ರದ ವಿಷಯ ಒಂದನ್ನೂ ಕೇಳಲಿಲ್ಲ. ಮುಂಗಡ ಕೊಡುವ ಜನರ ವಿಷಯವನ್ನೇ ಮತ್ತೆಮತ್ತೆ ಕೇಳಿದನು.

ಎತ್ತು ಹೋಯಿತೆಂದು ಮರುಗುವ ಲೇಖನಗಳನ್ನು ಓದುವಾಗ ನನಗೆ ಸಂಪೂರ್ಣ ಸಹಮತ ಬರುವುದಿಲ್ಲ. ಕೊಟ್ಟಿಗೆ ಬರಿದಾಗಿ ತಿಪ್ಪೆ ಕರಗಿದ್ದು, ಗೊಬ್ಬರವನ್ನು ಮೂಟೆಯಲ್ಲಿ ಕೊಳ್ಳುವಂತಾದದ್ದು ನಷ್ಟವೇ ಸರಿ. ಯುಗಾದಿಯ ಮೊದಲ ಉಳುಮೆಯಾದ ಹೊನ್ನಾರಿಗೆ ಊರಿನಲ್ಲಿ ಜೋಡೆತ್ತು ಹುಡುಕಬೇಕಾಗಿ ಬಂದದ್ದೂ ನಿಜ. ಆದರೆ ವರ್ಷವಿಡೀ ಎತ್ತು ಸಾಕುವ ಶಕ್ತಿಯಿಲ್ಲದೆ, ಇರುವವರ ಮನೆಯ ಕೆಲಸಕ್ಕೆ ಹೆಚ್ಚಿನ ಆಳು ಕಳುಹಿಸಿ ಒಂದು ಹೊತ್ತಿನ ಆರನ್ನು ಪಡೆಯಬೇಕಾಗಿದ್ದ ವಿಧವೆಯರಿಗೂ ಬಡವರಿಗೂ ಗಂಟೆಗಿಷ್ಟೆಂಬ ಬಾಡಿಗೆ ಒಂದು ಬಗೆಯ ಬಿಡುಗಡೆಯಾಗಿತ್ತು. ಮುಯ್ಯಿ ಸಮಾನರ ನಡುವೆ ಸುಂದರ. ಅಸಮಾನರ ನಡುವೆ ಅದರ ರೂಪವೇ ಬೇರೆ.

ಈಗ ಟಿಲ್ಲರಿನ ಸರದಿಯೂ ಮುಗಿಯುತ್ತ ಬಂದಿದೆ. ಟ್ರ್ಯಾಕ್ಟರುಗಳು ತಾವೇ ಗಿಡ್ಡವಾಗಿ, ಕಬ್ಬಿಣದ ಚಕ್ರ ತೊಟ್ಟು, ರೋಟವೇಟರ್ ಕಟ್ಟಿಕೊಂಡು ಗದ್ದೆಗಿಳಿದಿವೆ. 2014ರ ಈಚೆಗೆ ಕೃಷಿ ಯಂತ್ರಧಾರೆಯ ಕೇಂದ್ರಗಳು ತೆರೆದು ಬಾಡಿಗೆಯ ದರವನ್ನು ಫಲಕದಲ್ಲಿ ಬರೆದಿಟ್ಟಿವೆ. ಮದ್ದೂರಿನ ಎಳನೀರು ಮಾರುಕಟ್ಟೆಯ ಆಕರ್ಷಣೆಯಿಂದ ಎಷ್ಟೋ ತಾಕುಗಳು ತೆಂಗಿನ ತೋಟಗಳಾಗಿವೆ. ಮಳವಳ್ಳಿಯ ಕಡೆ, ನಾಲೆಯ ಕೊನೆಯಂಚಿಗೆ ನೀರು ಮುಟ್ಟದ ವರ್ಷಗಳಲ್ಲಿ ನಾಟಿಯ ಮಾತೇ ಏಳುವುದಿಲ್ಲ. ನಮ್ಮೂರಿನ ಆ ಮೊದಲ ಟಿಲ್ಲರಿನ ಯಜಮಾನ ತೀರಿಕೊಂಡ ಮೇಲೆ ಮಗನು ಕೆಲಕಾಲ ಅದಕ್ಕೆ ತೊಟ್ಟಿ ಕಟ್ಟಿ ಮರಳು, ಇಟ್ಟಿಗೆ ಹೇರಿದನು; ಎಂಜಿನ್ನನ್ನು ಬಿಚ್ಚಿ ಪಂಪಿಗೂ ಜೋಡಿಸಿ ನೋಡಿದನು. ಕಡೆಗೆ ಮಳವಳ್ಳಿಯ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಅದನ್ನು ಕೊಂಡೊಯ್ದರು. ಹಿಪ್ಪುನೇರಳೆಯ ಸಾಲುಗಳ ನಡುವೆ ಟ್ರ್ಯಾಕ್ಟರು ನುಗ್ಗಲಾರದ ಕಡೆ ಅದು ಈಗಲೂ ಕಳೆ ಹೊಡೆಯುತ್ತಿದೆಯಂತೆ. ಹುಳು ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ಎದ್ದು ಸೊಪ್ಪಿನ ಅವಸರ ಬಿದ್ದ ದಿನಗಳಲ್ಲಂತೂ ಯಾರ ತೋಟ ಮೊದಲೆಂದು ಅಲ್ಲಿಯೂ ಜಗುಲಿಯ ಮುಂದೆ ಜಗಳ ತಪ್ಪಿಲ್ಲವೆಂದು ಕೇಳಿದ್ದೇನೆ.