ಓದುವವರೊಬ್ಬರು, ಕೊಳ್ಳುವವರೊಬ್ಬರು

ವ್ಯಾಪಾರಕ್ಕೆ ಗಿರಾಕಿಯೇ ದೇವರೆಂಬ ಮಾತುಂಟು. ಆದರೆ ಪುಸ್ತಕದ ವ್ಯಾಪಾರದಲ್ಲಿ ಹದಿನಾಲ್ಕು ವರುಷದವರು ಗಿರಾಕಿಗಳೇ ಅಲ್ಲ. ಅವರ ಕೈಯಲ್ಲಿ ಕಾಸಿಲ್ಲ. ಕಾಸುಳ್ಳವರು ತಂದೆತಾಯಿಗಳು, ಶಾಲೆಗಳು, ಸರ್ಕಾರ. ಪ್ರಕಾಶಕನು ಯಾರ ಮುಖ ನೋಡಿ ಪುಸ್ತಕ ಅಚ್ಚು ಹಾಕಿಸಬೇಕು?

ಕನ್ನಡದಲ್ಲಿ ಮಕ್ಕಳ ಪುಸ್ತಕಗಳಿಗೆ ಬರವಿಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ ಕೊಟ್ಟರು. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ-ಭಾರತಿ’ ಮಾಲೆಯಲ್ಲಿ ಮಹನೀಯರ ಜೀವನವನ್ನು ಹೇಳುವ 500ಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು ಬಂದವು. ಉಪಕಾರಿಗಳೇ, ಅಲ್ಲವೆನ್ನಲಾರೆ. ಆದರೆ ಇವು ಹಿರಿಯರು ಮೆಚ್ಚಿ ಕಿರಿಯರ ಕೈಗಿಡತಕ್ಕವು. ಮೀಸೆ ಚಿಗುರುವ ವಯಸ್ಸಿನ ಭಯ, ನಾಚಿಕೆ, ಮನೆಯವರ ಮೇಲಿನ ಮುನಿಸು, ಇವಕ್ಕೆ ಅಲ್ಲಿ ಎಡೆಯಿಲ್ಲ.

ದೊಡ್ಡ ಗಿರಾಕಿಯೆಂದರೆ 1965ರ ಕಾಯಿದೆಯಿಂದ ಹುಟ್ಟಿದ ಸಾರ್ವಜನಿಕ ಗ್ರಂಥಾಲಯ ಇಲಾಖೆ. ಆಯ್ಕೆ ಸಮಿತಿ ಒಪ್ಪಿದರೆ ಒಂದೊಂದು ಪುಸ್ತಕವನ್ನು ನೂರಾರು ಪ್ರತಿ ಕೊಳ್ಳುತ್ತದೆ. ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಈ ಏರ್ಪಾಡಿಲ್ಲದಿದ್ದರೆ, ವಂಶದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವನು ಕೊರಟಗೆರೆಯಲ್ಲಿ ಕಾದಂಬರಿಯ ಮುಖವನ್ನೇ ಕಾಣುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೂ ಓದುಗನಿಗೆ ರುಚಿಸಿತೇ ಎಂದು ವಿಚಾರಿಸುವ ಗರಜು ಪ್ರಕಾಶಕನಿಗೆ ಬೀಳುವುದಿಲ್ಲ. ಸಮಿತಿ ತಲೆದೂಗಿದರೆ ಸಾಕು.

ಅಮೆರಿಕದಲ್ಲಿ ಎಸ್. ಇ. ಹಿಂಟನ್ ಎಂಬಾಕೆ ಹೈಸ್ಕೂಲಿನಲ್ಲಿದ್ದಾಗ ಬರೆದ ‘ದಿ ಔಟ್‌ಸೈಡರ್ಸ್’ 1967ರಲ್ಲಿ ಅಚ್ಚಾಯಿತು. ಪುಂಡ ಹುಡುಗರ ಹೊಡೆದಾಟದ ಕಥೆ. ಅದು ಶಾಲೆಗಳಲ್ಲಿ ಖರ್ಚಾಗುವುದನ್ನು ಕಂಡ ಮೇಲೆ ಅಲ್ಲಿಯ ಪ್ರಕಾಶಕರಿಗೆ ಆ ವಯಸ್ಸಿನ ಓದುಗರಿದ್ದಾರೆಂಬ ಅರಿವಾಯಿತು. ದಾರಿ ತೋರಿಸಿದ್ದು ಅಲ್ಲಿಯೂ ಲಾಭವೇ, ಧರ್ಮವಲ್ಲ!

ನಮ್ಮಲ್ಲಿ ಈ ಕೆಲಸ ಆದದ್ದು ಮೂಡಿಗೆರೆಯಿಂದ, ಅದೂ ತಾನಾಗಿ. ಪೂರ್ಣಚಂದ್ರ ತೇಜಸ್ವಿಯವರು ತಮ್ಮದೇ ‘ಪುಸ್ತಕ ಪ್ರಕಾಶನ’ವನ್ನು ಕಟ್ಟಿಕೊಂಡಿದ್ದವರು, ಯಾವ ಸಮಿತಿಗಾಗಿಯೂ ಬರೆದವರಲ್ಲ. 1980ರ ‘ಕರ್ವಾಲೊ’ ಹುಡುಗರಿಗೆಂದು ಬರೆದದ್ದೂ ಅಲ್ಲ. ಆದರೇನು, ಹಾರುವ ಓತಿಯನ್ನು ಹುಡುಕಿ ಕಾಡು ಹೊಗುವ ಆ ಕಥೆಯನ್ನು ಹುಡುಗರು ತಮ್ಮದು ಮಾಡಿಕೊಂಡರು.

ಒಂಬತ್ತನೆಯ ತರಗತಿಯಲ್ಲಿರುವ ನನ್ನ ತಂಗಿ ಅದನ್ನು ಎರಡೇ ದಿನದಲ್ಲಿ ಮುಗಿಸಿ, “ಇಂಥದೇ ಇನ್ನೊಂದು ತಂದ್ಕೊಡಣ್ಣ” ಎಂದಳು. ‘ಜುಗಾರಿ ಕ್ರಾಸ್’ ಕೊಟ್ಟೆ. ಅದೂ ಮುಗಿಯಿತು. ಈಗ ಹುಡುಗಿಯ ಕಥೆ ಬೇಕಂತೆ: ಬಸ್ಸಿನಲ್ಲಿ ಹೈಸ್ಕೂಲಿಗೆ ಹೋಗಿಬರುವವಳು, ‘ಓದಿದ್ದು ಸಾಕು’ ಎನ್ನುವ ಮನೆಯವರೊಡನೆ ವಾದಿಸುವವಳು. ಏಕೆ ಕೇಳಿದಳೆಂದು ನನಗೆ ಗೊತ್ತು. ನಮ್ಮ ಮನೆಯಲ್ಲೂ ಆ ಮಾತು ಆಗಾಗ ಏಳುತ್ತದೆ. ತುಮಕೂರಿಗೆ ಹೋದಾಗ ಪುಸ್ತಕದಂಗಡಿಯಲ್ಲಿ ವಿಚಾರಿಸಿದೆ. ಅಂಗಡಿಯವರು ಮಕ್ಕಳ ಕಪಾಟು ತೋರಿಸಿದರು. ಅದಲ್ಲವೆಂದೆ. ಸಾಮಾಜಿಕ ಕಾದಂಬರಿಗಳ ಕಪಾಟು ತೋರಿಸಿದರು.