ಕೇಕಿನ ಹದ

ಕೇಕಿನ ಪುಸ್ತಕಗಳಲ್ಲೆಲ್ಲ ಕೊನೆಗೊಂದು ವಾಕ್ಯವಿರುತ್ತದೆ: ಇಷ್ಟು ಡಿಗ್ರಿಯಲ್ಲಿ ಇಷ್ಟು ನಿಮಿಷ ಬೇಯಿಸಿರಿ. ಮೈದಾ, ಸಕ್ಕರೆಗಳ ಅಳತೆಯನ್ನು ನಂಬುವಷ್ಟೇ ನಿಷ್ಠೆಯಿಂದ ಅನೇಕರು ಆ ನಿಮಿಷಗಳನ್ನೂ ನಂಬುತ್ತಾರೆ. ನನ್ನನ್ನು ಕೇಳಿದರೆ, ಅದು ನಮ್ಮ ಮುಂಬಯಿ ಲೋಕಲ್ ಗಾಡಿಯ ವೇಳಾಪಟ್ಟಿಯ ಹಾಗೆ. ಪ್ಲಾಟ್‌ಫಾರ್ಮಿಗೆ ಯಾವಾಗ ಹೋಗಿ ನಿಲ್ಲಬೇಕೆಂದು ಹೇಳುತ್ತದೆಯೇ ಹೊರತು ಗಾಡಿ ಬಂತೆಂದು ಹೇಳುವುದಿಲ್ಲ.

ನನಗೆ ಈ ವಿಚಾರ ಅಂಟಿಕೊಂಡದ್ದು ಅತ್ತೆಯವರ ದೆಸೆಯಿಂದ. ಮಾವನವರು ತೀರಿಕೊಂಡ ಮೇಲೆ ಅವರು ಸಾಗರದ ಮನೆಗೆ ಬೀಗ ಹಾಕಿ ನಮ್ಮ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿಗೆ ಬಂದರು. ಮೊಟ್ಟೆ ಮುಟ್ಟುವವರಲ್ಲ, ಬೇಕರಿಯ ತಿಂಡಿ ತಿನ್ನುವವರಲ್ಲ. ಮೊಮ್ಮಕ್ಕಳ ಹುಟ್ಟುಹಬ್ಬದ ದಿನ ಎಲ್ಲರ ಬಾಯಲ್ಲೂ ಕೇಕು; ಅವರು ಮಾತ್ರ ಒಳಗಿನ ಕೋಣೆಯಲ್ಲಿ ದೇವರ ಬತ್ತಿ ಹೊಸೆಯುತ್ತ ಕುಳಿತಿರುತ್ತಿದ್ದರು. ಕೋಪವೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಹೀಗೆ ಮನೆಗೊಂದು ಸಣ್ಣ ಓವನ್ ಬಂತು, ಮೊಸರು-ಸೋಡದ ಕೇಕು ಶುರುವಾಯಿತು.

ಮೊಟ್ಟೆಯಿಲ್ಲದ ಕೇಕು ಸ್ವಲ್ಪ ನಾಜೂಕು. ಮೊಟ್ಟೆಯ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಕಂಬದಂತೆ ನಿಲ್ಲುತ್ತದೆ. ಅದಿಲ್ಲದಾಗ ಹೆಚ್ಚಿನ ಭಾರವನ್ನು ಮೈದಾದ ಪಿಷ್ಟವೇ ಹೊರಬೇಕು. ಮೊಸರಿಗೆ ಸೋಡ ಬಿದ್ದ ಕ್ಷಣದಿಂದಲೇ ಗುಳ್ಳೆ ಏಳುವುದರಿಂದ ಓವನ್ ಮೊದಲೇ ಕಾದಿರಬೇಕು. ಪಿಷ್ಟ ಬೆಂದು ನಿಲ್ಲುವ ಮುನ್ನ ಬಾಗಿಲು ತೆರೆದು ಇಣುಕಿದಿರೋ, ನಡುಭಾಗ ಕುಸಿಯಿತೆಂದೇ ತಿಳಿಯಿರಿ.

ಒಂದೂವರೆ ಬಟ್ಟಲು ಮೈದಾದ ಹಿಟ್ಟಿಗೆ, ಎಂಟಂಗುಲದ ದುಂಡು ಡಬ್ಬಿಯಾದರೆ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರಿಂದ 40 ನಿಮಿಷ. ಅದೇ ಹಿಟ್ಟನ್ನು ಬ್ರೆಡ್ಡಿನ ಉದ್ದ ಡಬ್ಬಿಗೆ ಸುರಿದರೆ 170 ಡಿಗ್ರಿಗೆ ಇಳಿಸಿ 50 ನಿಮಿಷ ಕಾಯಬೇಕು. ಪುಟ್ಟ ಬಟ್ಟಲುಗಳಿಗೆ ಹಂಚಿದರೆ 20 ನಿಮಿಷ ಸಾಕು. ಬಿಸಿ ಅಂಚಿನಿಂದ ನಡುವಿಗೆ ಮೆಲ್ಲಗೆ ನಡೆಯುತ್ತದೆ. ದಪ್ಪ ಇಮ್ಮಡಿಯಾದರೆ ಸಮಯ ಇಮ್ಮಡಿಯಲ್ಲ, ತತ್ತ್ವದ ಪ್ರಕಾರ ನಾಲ್ಮಡಿಯತ್ತ ಹೋಗುತ್ತದೆ. (ನನ್ನ ಬಿ.ಎಸ್ಸಿ. ಫೈಲುಗಳ ನಡುವೆ ಎಂದೂ ಉಪಯೋಗಕ್ಕೆ ಬಂದದ್ದಿಲ್ಲ, ಇಲ್ಲಿ ಬಂತು.) ಅದಕ್ಕೇ ಹಣ್ಣು ತುಂಬಿದ ದಪ್ಪ ಕ್ರಿಸ್‌ಮಸ್ ಕೇಕನ್ನು 150 ಡಿಗ್ರಿಯಲ್ಲಿ ಎರಡೂವರೆ, ಮೂರು ಗಂಟೆ ಇಡುತ್ತಾರೆ, ಶಾಖ ಏರಿಸಿದರೆ ನಡು ಬೇಯುವಷ್ಟರಲ್ಲಿ ಅಂಚು ಕರಕಲು. ಅಮೆರಿಕದ ಪುಸ್ತಕದ 350, ಫ್ಯಾರನ್‌ಹೀಟ್ ಲೆಕ್ಕ, ನಮ್ಮ 177. ಫ್ಯಾನಿರುವ ಓವನ್ನಿಗೆ 20 ಡಿಗ್ರಿ ಕಡಿಮೆ ಇಡಿ. ಇನ್ನು ಕರೆಂಟು! 230 ವೋಲ್ಟಿನಿಂದ 200ಕ್ಕೆ ಇಳಿದರೆ ಹೀಟರಿನ ಬಲ ಮುಕ್ಕಾಲಿಗೆ ಬರುತ್ತದೆ, ಓವನ್ ಕಾಯುವುದೇ ತಡವಾಗುತ್ತದೆ. ಇದನ್ನು ಯಾವ ಪುಸ್ತಕ ಬರೆದವರು ಕಂಡಿದ್ದಾರೆ?

ಇಷ್ಟನ್ನೂ ಅತ್ತೆಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಅದೆಲ್ಲ ಸರಿ ಕಣೇ, ಹದ ಬಂತೆಂದು ತಿಳಿಯುವುದು ಹೇಗೆ?"

ನಾನು ಕಡ್ಡಿ ಚುಚ್ಚಿ ತೋರಿಸಿದೆ. ಹಸಿ ಹಿಟ್ಟು ಅಂಟದೆ ಬರಬೇಕು, ಬೆರಳಿಂದ ಒತ್ತಿದರೆ ಪುಟಿಯಬೇಕು, ಅಂಚು ಡಬ್ಬಿಯನ್ನು ಬಿಡಬೇಕು. ಅವರು ತಲೆದೂಗಿದರು. ಜೀವಮಾನವಿಡೀ ಪಾಕವನ್ನು ಬೆರಳ ನಡುವೆ ಎಳೆದು ನೋಡಿದವರು; ನೀರು ಆರಿದಷ್ಟೂ ಪಾಕದ ಶಾಖ ಏರುವುದರಿಂದ ಆ ಎಳೆಯೂ ಒಂದು ಥರ್ಮಾಮೀಟರೇ. ಈಗ ಕಣ್ಣಿಗೆ ಪೊರೆ ಬಂದು ಎಳೆ ಕಾಣುವುದಿಲ್ಲ. ಮೂಗು ಮಾತ್ರ ಚುರುಕಾಗಿದೆ. ನನ್ನ ಗಡಿಯಾರ 33 ನಿಮಿಷ ತೋರಿಸುತ್ತಿದ್ದಾಗ ಒಳಗಿನಿಂದ ಕೂಗಿದರು: "ಹಸಿ ವಾಸನೆ ಹೋಯಿತು ನೋಡು."

ಕಡ್ಡಿ ಚುಚ್ಚಿದೆ. ಒಣಗಿ ಬಂತು.

ಆರಿದ ಮೇಲೆ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಏಲಕ್ಕಿ ಹಾಕಬಹುದಿತ್ತು" ಎಂದರು. ಎರಡನೆಯ ತುಂಡನ್ನು ಅವರೇ ಕೇಳಿ ಹಾಕಿಸಿಕೊಂಡರು. ಈಗೀಗ ಹಿಟ್ಟು ಓವನ್ನಿಗೆ ಹೋದ ಕೂಡಲೇ ಅವರ ಕುರ್ಚಿ ಅಡುಗೆಮನೆಯ ಬಾಗಿಲಿಗೆ ಬರುತ್ತದೆ, ಬತ್ತಿಯ ಬುಟ್ಟಿಯ ಸಮೇತ.